ಪರಿಸರ ವಿಜ್ಞಾನ ಓದೋಕೆ ಯಾವ ಕಾಲೇಜು? ಶಿವಮೊಗ್ಗ ಕಡೆಯವರಿಗೆ ನನ್ನ ಲೆಕ್ಕ

ಅಕ್ಕನ ಮಗಳು ಈ ಸಲ ಸೆಕೆಂಡ್ ಪಿಯುಸಿ ಮುಗಿಸಿದ್ಲು. ಪಿಸಿಎಂಬಿ, ಮಾರ್ಕ್ಸು ಪರವಾಗಿಲ್ಲ ಅನ್ನೋ ಥರ, ನೀಟ್ ಬರೆಯಲ್ಲ ಅಂತ ಮೊದ್ಲೇ ಮನೇಲಿ ಜಗಳ ಆಡಿ ಮುಗಿಸಿಕೊಂಡಿದ್ಲು. ಒಂದು ದಿನ ಫೋನ್ ಮಾಡಿ "ಮಾವ, ನೀನು ಓದಿದ್ದೇ ನಂಗೂ ಓದ್ಬೇಕು, ಯಾವ ಕಾಲೇಜು ಹೇಳು" ಅಂದ್ಲು, ನಾನು ಬಾಯಿ ಬಿಡೋಷ್ಟರಲ್ಲಿ ಹಿಂದಿಂದ ಅಕ್ಕನ ದನಿ, "ಹತ್ರದ್ದು ಹೇಳೋ, ಬೆಂಗ್ಳೂರು ಗಿಂಗ್ಳೂರು ಅಂತ ತಲೆ ಕೆಡಿಸ್ಬೇಡ".

ನಾನು ಎನ್ವಿರಾನ್‌ಮೆಂಟಲ್ ಸೈನ್ಸಲ್ಲಿ ಎಂಎಸ್ಸಿ ಮಾಡಿ ಹನ್ನೆರಡು ವರ್ಷದಿಂದ ನೀರು, ಕೊಳಚೆ, ಗಾಳಿ ಟೆಸ್ಟ್ ಮಾಡೋ ಲ್ಯಾಬಲ್ಲಿ ಇದೀನಿ, ವರ್ಷಾ ವರ್ಷ ಹೊಸ ಹುಡುಗ್ರನ್ನ ಇಂಟರ್‌ವ್ಯೂ ಮಾಡೋ ಕೆಲ್ಸಾನೂ ನನ್ನ ತಲೆ ಮೇಲೇ ಇದೆ. ಹಂಗಾಗಿ ಅಕ್ಕನಿಗೆ ಹೇಳಿದ್ದನ್ನೇ ಸ್ವಲ್ಪ ಉದ್ದಕ್ಕೆ ಇಲ್ಲಿ ಬರೀತಿದೀನಿ. ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಭದ್ರಾವತಿ ಕಡೆಯವರಿಗೆ ನೇರವಾಗಿ ಉಪಯೋಗ ಆಗುತ್ತೆ, ಬೇರೆ ಜಿಲ್ಲೆಯವರು ಊರಿನ ಹೆಸರು ಬದ್ಲಾಯಿಸ್ಕೊಂಡು ಓದಿ.

ಮೊದ್ಲು ಹೆಸರಿನ ಗೊಂದಲ ಬಿಡಿಸ್ಕೊಳಿ. ಯಾವ ಡಿಗ್ರಿ ಸೇರಿದ್ರೂ, ಬಿಕಾಂ ಆದ್ರೂ ಸರಿ, ಪರಿಸರ ಅಧ್ಯಯನ (ಇವಿಎಸ್) ಅಂತ ಒಂದು ಕಡ್ಡಾಯ ಪೇಪರ್ ಇರುತ್ತೆ. 1991ರಲ್ಲಿ ಎಂ.ಸಿ. ಮೆಹ್ತಾ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಶುರುವಾಗಿ ಆಮೇಲೆ ಯುಜಿಸಿ ಎಲ್ಲಾ ಡಿಗ್ರಿಗೂ ತಂದ ಪೇಪರ್ ಅದು. ಇದಕ್ಕೂ ಪರಿಸರ ವಿಜ್ಞಾನವನ್ನ ಮೇಜರ್ ಸಬ್ಜೆಕ್ಟಾಗಿ ಓದೋದಕ್ಕೂ ಸಂಬಂಧ ಇಲ್ಲ. "ನಮ್ಮಲ್ಲೂ ಇವಿಎಸ್ ಇದೆ ಬನ್ನಿ" ಅಂತ ಅಡ್ಮಿಷನ್ ಕೌಂಟರಲ್ಲಿ ಯಾರಾದ್ರೂ ಅಂದ್ರೆ ಯಾವ ಇವಿಎಸ್ ಅಂತ ತಿರುಗಿಸಿ ಕೇಳಿ. ಕಡ್ಡಾಯ ಪೇಪರನ್ನೇ ಸಬ್ಜೆಕ್ಟು ಅಂದ್ಕೊಂಡು ಸೇರಿ ಒಂದು ಸೆಮಿಸ್ಟರ್ ಆದ್ಮೇಲೆ ಕಣ್ಣು ಬಿಟ್ಟವರನ್ನ ನಾನೇ ನೋಡಿದೀನಿ.

ಇನ್ನು ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್ ಬೇರೆ, ಅದು ಬಿಇ, ಮೈಸೂರಿನ ಎಸ್‌ಜೆಸಿಇ ಥರದ ಕಡೆ ಇದೆ, ಕೊಳಚೆ ನೀರಿನ ಪ್ಲಾಂಟ್ ಡಿಸೈನ್ ಮಾಡೋದು, ಪೈಪು ಪಂಪಿನ ಲೆಕ್ಕ, ಮ್ಯಾಥ್ಸ್ ಇಷ್ಟ ಇರ್ಬೇಕು. ಫಾರೆಸ್ಟ್ರಿ ಇನ್ನೊಂದು ದಾರಿ, ಅದಕ್ಕೆ ಕೆಳಗೆ ಬರ್ತೀನಿ. ಹುಲಿ ಆನೆ ಹಿಂದೆ ಹೋಗೋ ವೈಲ್ಡ್‌ಲೈಫ್ ಬಯಾಲಜಿ ಮತ್ತೊಂದು. ನಮ್ಮ ಹುಡುಗಿಗೆ ಕೇಳಿದೆ, "ನಿಂಗೆ ಕಾಡು ಸುತ್ತೋದು ಇಷ್ಟಾನಾ, ತುಂಗೆ ನೀರಲ್ಲಿ ಏನೇನು ಕಲಬೆರಕೆ ಆಗಿದೆ ಅಂತ ಕಂಡುಹಿಡಿಯೋದು ಇಷ್ಟಾನಾ?" "ಎರಡೂ" ಅಂದ್ಲು. ಎಲ್ರೂ ಹಂಗೇ ಅನ್ನೋದು. ಎರಡೂ ಅನ್ನೋವ್ರಿಗೇ ಪರಿಸರ ವಿಜ್ಞಾನ ಸರಿ, ಆದ್ರೆ ಒಂದು ಮಾತು ಮೊದ್ಲೇ ಹೇಳ್ತೀನಿ, ಇದ್ರಲ್ಲಿ ಹೊಟ್ಟೆ ತುಂಬಿಸೋದು ಕೆಮಿಸ್ಟ್ರಿ. ಕಾಡು ಭಾನುವಾರಕ್ಕೆ.

ಈಗ ಹತ್ರ ಅಂದ್ರೇನು ಅನ್ನೋದಕ್ಕೆ ಬರೋಣ. ಅಕ್ಕನ ಮನೆ ತೀರ್ಥಹಳ್ಳಿ ದಾಟಿ ಸ್ವಲ್ಪ ಒಳಗೆ. ಶಿವಮೊಗ್ಗಕ್ಕೆ ಅಲ್ಲಿಂದ ಅರವತ್ತು ಕಿಲೋಮೀಟರ್ ಮೇಲೇ ಆಗುತ್ತೆ, ಬಸ್ಸು ಮಂಡಗದ್ದೆ, ಗಾಜನೂರು ದಾಟಿ ಬರ್ಬೇಕು. ಮ್ಯಾಪಲ್ಲಿ ನೋಡಿದ್ರೆ ಹತ್ರಾನೇ. ಆದ್ರೆ ಸೈನ್ಸ್ ಹುಡುಗ್ರಿಗೆ ಮಧ್ಯಾಹ್ನದ ಮೇಲೆ ಪ್ರಾಕ್ಟಿಕಲ್ಸ್, ಮುಗಿಯೋದು ಸಂಜೆ ಆಗುತ್ತೆ, ಆಮೇಲೆ ಬಸ್ಸು ಹಿಡಿದು ಊರು ಸೇರಿ ಅಲ್ಲಿಂದ ಒಳಗಿನ ದಾರಿಗೆ ಯಾರಾದ್ರೂ ಬೈಕಲ್ಲಿ ಬಂದು ಕರ್ಕೊಂಡು ಹೋಗ್ಬೇಕು, ಮಳೆಗಾಲದಲ್ಲಿ ಮರ ಬಿದ್ದು ರೋಡ್ ಬಂದ್ ಆದ ದಿನ ಬೇರೆ. ಹೆಣ್ಮಕ್ಕಳಿಗೆ 2023ರ ಜೂನಿಂದ ಶಕ್ತಿ ಯೋಜನೇಲಿ ಸರ್ಕಾರಿ ಬಸ್ಸು ಫ್ರೀ ಅಂತ ಅಕ್ಕ ಲೆಕ್ಕ ಹಾಕಿದ್ಲು, ಆದ್ರೆ ನಮ್ಮ ಮಲೆನಾಡಿನ ಎಷ್ಟೋ ರೂಟಲ್ಲಿ ಓಡೋದೇ ಪ್ರೈವೇಟ್ ಬಸ್ಸು, ಅಲ್ಲಿ ಶಕ್ತಿ ಇಲ್ಲ, ಪಾಸು ಇದ್ರೆ ಉಂಟು ಇಲ್ಲಾಂದ್ರೆ ಟಿಕೆಟ್ಟೇ. ಅದಕ್ಕೇ ಕಿಲೋಮೀಟರ್ ಬಿಡಿ, ಪ್ರಾಕ್ಟಿಕಲ್ಸ್ ಮುಗಿದ ಮೇಲೆ ಸಿಗೋ ಕೊನೇ ಬಸ್ಸು ಎಷ್ಟೊತ್ತಿಗೆ ಅಂತ ನೋಡಿ. ಆ ಬಸ್ಸು ತಪ್ಪುತ್ತೆ ಅಂತ ಅರ್ಧಕ್ಕೇ ಟೈಟ್ರೇಷನ್ (ಹನಿ ಹನಿಯಾಗಿ ದ್ರಾವಣ ಹಾಕಿ ಅಳೆಯೋ ಪ್ರಯೋಗ) ಬಿಟ್ಟು ಓಡೋ ಹುಡುಗಿ ಮೂರು ವರ್ಷದಲ್ಲಿ ಏನೂ ಕಲ್ತಿರಲ್ಲ, ಅದು ಅವಳ ತಪ್ಪೂ ಅಲ್ಲ.

ನಮ್ಮ ಮುಂದಿದ್ದ ಆಯ್ಕೆ ನಾಲ್ಕು. ತಾಲೂಕಲ್ಲೇ ಇರೋ ಡಿಗ್ರಿ ಕಾಲೇಜು, ಅಲ್ಲಿ ಕೆಮಿಸ್ಟ್ರಿ ಬಾಟನಿ ಝುವಾಲಜಿ, ಅಂದ್ರೆ ಸಿಬಿಝಡ್. ಶಿವಮೊಗ್ಗ, ಪರಿಸರ ವಿಜ್ಞಾನ ಒಂದು ಸಬ್ಜೆಕ್ಟಾಗಿ ಇರೋ ಕಾಂಬಿನೇಷನ್. ಶಿರಸಿ ಇಲ್ಲಾ ಪೊನ್ನಂಪೇಟೆಯ ಫಾರೆಸ್ಟ್ರಿ. ಕೊನೇದು ಅಕ್ಕನಿಗೆ ಬೇಡವಾದ ಬೆಂಗ್ಳೂರು.

ತಾಲೂಕಿನ ಕಾಲೇಜನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ, ನಾನು ತಗೋತೀನಿ. ಯಾಕಂದ್ರೆ ಮುಂದೆ ಎಂಎಸ್ಸಿ ಪರಿಸರ ವಿಜ್ಞಾನಕ್ಕೆ ಹೋಗೋಕೆ ಡಿಗ್ರೀಲಿ ಅದೇ ಸಬ್ಜೆಕ್ಟ್ ಓದಿರ್ಲೇಬೇಕು ಅಂತ ಸಾಮಾನ್ಯವಾಗಿ ಎಲ್ಲೂ ಇಲ್ಲ, ನನ್ನ ಎಂಎಸ್ಸಿ ಬ್ಯಾಚಲ್ಲಿ ಮುಕ್ಕಾಲುಪಾಲು ಸಿಬಿಝಡ್‌ನವರೇ. ನಾನೂ ಸಿಬಿಝಡ್ಡೇ. ಮನೆ ಊಟ, ಹಾಸ್ಟೆಲ್ ಖರ್ಚಿಲ್ಲ, ಉಳಿದ ದುಡ್ಡು ಎಂಎಸ್ಸಿಗೆ ಆಗುತ್ತೆ. ಹೈಸ್ಕೂಲ್ ಟೀಚರ್ ಆಗೋ ಯೋಚನೆ ಮೂಲೇಲಿ ಎಲ್ಲೋ ಇದ್ರೂ ಸಿಬಿಝಡ್ಡೇ ಸೇಫು, ಬಿಎಡ್ ಮುಗಿಸಿ ಟೀಚರ್ ಪೋಸ್ಟಿಗೆ ಹೋದಾಗ ಕಾಂಬಿನೇಷನ್ ತಕರಾರು ಇರಲ್ಲ. ತೊಂದರೆ ಇರೋದು ಮೇಷ್ಟ್ರುಗಳದ್ದು. ಅತಿಥಿ ಉಪನ್ಯಾಸಕರ ಮೇಲೇ ನಡೆಯೋ ಡಿಪಾರ್ಟ್‌ಮೆಂಟಾದ್ರೆ ಸೆಮಿಸ್ಟರ್ ಶುರುವಾಗಿ ಅವರ ನೇಮಕ ಆಗೋವರೆಗೆ ಪಾಠಾನೇ ಇರಲ್ಲ. ಅವರನ್ನ ಬೈಯ್ಯೋದಲ್ಲ ನಾನು, ನನಗೆ ಕೆಮಿಸ್ಟ್ರಿ ಹುಚ್ಚು ಹಿಡಿಸಿದ್ದೇ ಒಬ್ರು ಗೆಸ್ಟ್ ಲೆಕ್ಚರರು. ಆದ್ರೆ ಕೆಮಿಸ್ಟ್ರಿಗೆ ಕಾಯಂ ಲೆಕ್ಚರರು ಒಬ್ರಾದ್ರೂ ಇದಾರಾ ಅಂತ ವಿಚಾರಿಸಿ, ಇಲ್ಲಾಂದ್ರೆ ಆ ಕಾಲೇಜು ಮನೆ ಎದುರಿಗಿದ್ರೂ ದೂರವೇ.

ಶಿವಮೊಗ್ಗ ಅಂದ್ರೆ ಎಲ್ರ ಬಾಯಲ್ಲೂ ಮೊದ್ಲು ಬರೋದು ಸಹ್ಯಾದ್ರಿ ಸೈನ್ಸ್ ಕಾಲೇಜು, 1940ರದ್ದು, ತುಂಗಾ ದಡದಲ್ಲೇ ಇದೆ, ಕುವೆಂಪು ಯೂನಿವರ್ಸಿಟಿಯ ಘಟಕ ಕಾಲೇಜು. ಪಕ್ಕದಲ್ಲೇ ನದಿ ಇರೋದು ಚೆಂದಕ್ಕೆ ಅಂದ್ಕೋಬೇಡಿ. ಗಾಜನೂರಲ್ಲಿ ಡ್ಯಾಂ ಹತ್ರ ಒಂದು ಬಾಟಲಿ ನೀರು, ಊರಿನ ಚರಂಡಿಗಳೆಲ್ಲ ಸೇರಿದ ಮೇಲೆ ಒಂದು ಬಾಟಲಿ, ಕೂಡ್ಲಿಲಿ ಭದ್ರೆ ಸೇರೋ ಜಾಗದಲ್ಲಿ ಇನ್ನೊಂದು, ಮೂರನ್ನೂ ಒಂದೇ ದಿನ ಬಸ್ಸಲ್ಲೇ ತಂದು ಆಮ್ಲಜನಕ ಎಷ್ಟಿದೆ ಅಂತ ಅಳೆದ್ರೆ ಒಂದು ಊರು ನದಿಗೆ ಏನು ಮಾಡುತ್ತೆ ಅನ್ನೋದು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತಾಗುತ್ತೆ. ಇಂಥ ಅನುಕೂಲ ಬೆಂಗ್ಳೂರಿನ ದೊಡ್ಡ ಕಾಲೇಜುಗಳಿಗೂ ಇಲ್ಲ, ಅಲ್ಲಿ ನದಿ ಅಂದ್ರೆ ವೃಷಭಾವತಿ, ಅದು ಶುರುವಿಂದಲೇ ಕೆಟ್ಟಿರೋದು.

ಯಾವ ಕಾಲೇಜಲ್ಲಿ ಈ ವರ್ಷ ಯಾವ ಕಾಂಬಿನೇಷನ್ ಇದೆ ಅನ್ನೋದನ್ನ ಮಾತ್ರ ಯಾರ ಬಾಯಿಮಾತಲ್ಲೂ ನಂಬ್ಬೇಡಿ, ನನ್ನ ಮಾತಲ್ಲೂ. 2021-22ರಲ್ಲಿ ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಡಿಗ್ರಿ, ಎರಡು ಮೇಜರ್ ಅಂದ್ರು, 2024-25ರಿಂದ ವಾಪಸ್ ಮೂರು ವರ್ಷ, ಮೂರು ಸಬ್ಜೆಕ್ಟ್ ಆಯ್ತು, ಈ ಎಳೆದಾಟದಲ್ಲಿ ಕಾಂಬಿನೇಷನ್‌ಗಳು ಮೇಲೆ ಕೆಳಗೆ ಆಗಿವೆ. ಹುಡುಗ್ರು ಕಮ್ಮಿ ಆದ್ರೆ ಲಿಸ್ಟಲ್ಲಿ ಇದ್ರೂ ಆ ಕಾಂಬಿನೇಷನ್ ನಡೆಸಲ್ಲ. ಡಿಗ್ರಿ ಅಡ್ಮಿಷನ್ನಿನ ಸರ್ಕಾರಿ ವೆಬ್‌ಸೈಟು ಯುಯುಸಿಎಂಎಸ್ ಪೋರ್ಟಲಲ್ಲಿ ಕಾಲೇಜಿನ ಹೆಸರು ಹಾಕಿ ನೋಡಿ, ಆಮೇಲೆ ಕಾಲೇಜಿಗೇ ಹೋಗಿ ಹೋದ ವರ್ಷ ಎಷ್ಟು ಜನ ಸೇರಿದ್ರು ಅಂತ ಕೇಳಿ.

ಕಾಂಬಿನೇಷನ್ ಬಗ್ಗೆ ನನ್ನದು ಒಂದೇ ಹಠ, ಪರಿಸರ ವಿಜ್ಞಾನದ ಜೊತೆ ಕೆಮಿಸ್ಟ್ರಿ ಇರ್ಲೇಬೇಕು. ಮೂರನೇದು ಬಾಟನಿಯೋ ಝುವಾಲಜಿಯೋ ಮೈಕ್ರೋಬಯಾಲಜಿಯೋ, ಇಷ್ಟ ಬಂದಿದ್ದು. ಇದಕ್ಕೆ ಇನ್ನೊಂದು ಕಾರಣಾನೂ ಇದೆ, ಯುಪಿಎಸ್‌ಸಿಯ ಇಂಡಿಯನ್ ಫಾರೆಸ್ಟ್ ಸರ್ವಿಸ್ ಪರೀಕ್ಷೆಗೆ ಡಿಗ್ರೀಲಿ ಇಂತಿಂಥ ಸಬ್ಜೆಕ್ಟಲ್ಲಿ ಒಂದಾದ್ರೂ ಓದಿರ್ಬೇಕು ಅಂತ ಪಟ್ಟಿ ಇದೆ, ಕೆಮಿಸ್ಟ್ರಿ, ಬಾಟನಿ, ಝುವಾಲಜಿ, ಜಿಯಾಲಜಿ, ಫಿಸಿಕ್ಸು, ಮ್ಯಾಥ್ಸು, ಸ್ಟ್ಯಾಟಿಸ್ಟಿಕ್ಸು, ಪಶುವೈದ್ಯಕೀಯ ಹಿಂಗೆ, ಜೊತೆಗೆ ಕೃಷಿ, ಫಾರೆಸ್ಟ್ರಿ, ಇಂಜಿನಿಯರಿಂಗ್ ಡಿಗ್ರಿಗಳು. ಪರಿಸರ ವಿಜ್ಞಾನ ಆ ಪಟ್ಟೀಲಿ ಇಲ್ಲ! ಕಾಡು ಕಾಯೋ ಸರ್ವಿಸಿಗೆ ಬರೀ ಪರಿಸರ ವಿಜ್ಞಾನ ಓದಿದವನು ಅರ್ಜಿ ಹಾಕೋಕೆ ಆಗಲ್ಲ, ಸ್ಟ್ಯಾಟಿಸ್ಟಿಕ್ಸ್ ಓದಿದವನು ಹಾಕ್ಬಹುದು. ನಗು ಬರುತ್ತೆ, ಆದ್ರೆ ರೂಲ್ ಅದು. ಮೂರು ಸಬ್ಜೆಕ್ಟಲ್ಲಿ ಕೆಮಿಸ್ಟ್ರಿ ಇದ್ರೆ ಈ ಬಾಗಿಲು ಮುಚ್ಚಲ್ಲ.

ಲ್ಯಾಬ್ ನೋಡೋದು ಹೇಗೆ ಅಂತ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ನನ್ನ ಅನ್ನ ಇರೋದೇ ಅದರಲ್ಲಿ. ಒಂದು ಸಲ ನಾನು ಯಾವುದೋ ಕಾಲೇಜಿಗೆ ಎಕ್ಸ್‌ಟರ್ನಲ್ ಥರ, ಅಂದ್ರೆ ಹೊರಗಿನ ಪರೀಕ್ಷಕನಾಗಿ ಹೋಗಿದ್ದೆ, ಹೆಸರು ಬೇಡ. ಬಿಒಡಿ ಇನ್ಕ್ಯುಬೇಟರ್ ಇದೆ ಅಂತ ಹೆಮ್ಮೆಯಿಂದ ತೋರಿಸಿದ್ರು, ಹೂವಿನ ಚಿತ್ರದ ಬಟ್ಟೆ ಹೊದಿಸಿಟ್ಟಿದ್ರು, ಬಾಗಿಲು ತೆಗೆದ್ರೆ ಒಳಗೆ ಅಟೆಂಡರ್ ಟಿಫಿನ್ ಬಾಕ್ಸು. ಪ್ಲಗ್ಗೇ ಹಾಕಿಲ್ಲ. ಬಿಒಡಿ ಅಂದ್ರೆ ನೀರಲ್ಲಿರೋ ಕೊಳೆಯನ್ನ ಸೂಕ್ಷ್ಮಜೀವಿಗಳು ತಿನ್ನೋಕೆ ಎಷ್ಟು ಆಮ್ಲಜನಕ ಬೇಕಾಗುತ್ತೆ ಅನ್ನೋ ಟೆಸ್ಟು, ಐದು ದಿನ 20 ಡಿಗ್ರೀಲಿ ಇಡ್ಬೇಕು, ನಮ್ಮಲ್ಲಿ ಮೂರು ದಿನ 27 ಡಿಗ್ರೀಲಿ ಮಾಡೋ ಪದ್ಧತಿ ಚಾಲ್ತೀಲಿದೆ, ಹೇಗೇ ಮಾಡಿದ್ರೂ ಆ ಪೆಟ್ಟಿಗೆ ಹಗಲೂ ರಾತ್ರಿ ಓಡ್ತಾ ಇರ್ಬೇಕು. ಅದು ಓಡ್ತಿಲ್ಲ ಅಂದ್ರೆ ಆ ಹುಡುಗ್ರು ಬಿಒಡಿ ಮಾಡಿಲ್ಲ, ರೆಕಾರ್ಡ್ ಪುಸ್ತಕದಲ್ಲಿ ಸೀನಿಯರ್ ಬರೆದ ರೀಡಿಂಗ್ ಕಾಪಿ ಮಾಡಿದಾರೆ.

ಅದಕ್ಕೇ ಕಾಲೇಜು ನೋಡೋಕೆ ಹೋದಾಗ ಬಿಲ್ಡಿಂಗು, ಆಡಿಟೋರಿಯಮ್ಮು, ನ್ಯಾಕ್ ಗ್ರೇಡಿನ ಫ್ಲೆಕ್ಸು ಬಿಟ್ಟು ನೇರ ಲ್ಯಾಬಿಗೆ ಹೋಗಿ. ಪ್ರಾಕ್ಟಿಕಲ್ಸ್ ಇರೋ ದಿನವೇ ಹೋಗಿ. ಇನ್ಕ್ಯುಬೇಟರ್ ಬಿಸಿಯೋ ತಣ್ಣಗೋ ಕೈ ಇಟ್ಟು ನೋಡಿ. ಟೈಟ್ರೇಷನ್‌ಗೆ ಬಳಸೋ ಬ್ಯುರೆಟ್ ಅನ್ನೋ ಗಾಜಿನ ಕೊಳವೆಗಳ ತುದಿ ಒಡೆದಿದ್ಯಾ, ಸಿಂಕ್ ಒದ್ದೆ ಇದ್ಯಾ ಒಣಗಿ ಜೇಡ ಕಟ್ಟಿದ್ಯಾ, ಕೆಮಿಕಲ್ ಬಾಟಲಿ ಮೇಲಿನ ತಾರೀಕು ಯಾವ ಕಾಲದ್ದು. ನೀರಲ್ಲಿರೋ ಲೋಹ ಅಳೆಯೋ ಎಎಎಸ್ ಥರದ ದೊಡ್ಡ ಮಿಷನ್ ಇಲ್ದಿದ್ರೆ ಬೇಜಾರು ಮಾಡ್ಕೋಬೇಡಿ, ಡಿಗ್ರಿಗೆ ಅದು ಬೇಕಾಗೂ ಇಲ್ಲ, ಒಂದು ಒಳ್ಳೇ ಪಿಎಚ್ ಮೀಟರು, ಬೆಳಕು ಹಾಯಿಸಿ ದ್ರಾವಣ ಅಳೆಯೋ ಒಂದು ಸ್ಪೆಕ್ಟ್ರೋಫೋಟೋಮೀಟರು, ಕೈ ತುಂಬ ಬಿಒಡಿ ಬಾಟಲಿಗಳು, ಫೀಲ್ಡಿಗೆ ನೀರಲ್ಲಿ ತೇಲೋ ಸಣ್ಣ ಜೀವಿಗಳನ್ನ ಹಿಡಿಯೋ ಪ್ಲಾಂಕ್ಟನ್ ಬಲೆ ಇದ್ರೆ ಧಾರಾಳ ಸಾಕು. ಕಂಪ್ಯೂಟರಲ್ಲಿ ಮ್ಯಾಪ್ ಮಾಡೋ ಜಿಐಎಸ್ ಕಲಿಸ್ತಾರಾ ಅಂತಾನೂ ಕೇಳಿ, ಕ್ಯೂಜಿಐಎಸ್ ಫ್ರೀಯಾಗೇ ಸಿಗುತ್ತೆ, ಸಾಫ್ಟ್‌ವೇರ್ ದುಬಾರಿ ಅನ್ನೋ ನೆಪ ಈಗ ನಡೆಯಲ್ಲ.

ಮೇಷ್ಟ್ರನ್ನ ಕೇಳೋದಕ್ಕಿಂತ ಫೈನಲ್ ಇಯರ್ ಹುಡುಗ್ರನ್ನ ಕ್ಯಾಂಟೀನಲ್ಲಿ ಹಿಡಿದು ಟೀ ಕುಡಿಸಿ ಕೇಳಿ, ಹೋದ ವರ್ಷ ಎಷ್ಟು ಸಲ ಫೀಲ್ಡಿಗೆ ಕರ್ಕೊಂಡು ಹೋದ್ರು, ಅಲ್ಲಿ ಏನು ಮಾಡಿದ್ರಿ. "ಜೋಗ ನೋಡಿ, ಗ್ರೂಪ್ ಫೋಟೋ ತೆಗೆದು ಬಂದ್ವಿ" ಅಂದ್ರೆ ಅದು ಟೂರು. "ಸ್ಯಾಂಪಲ್ ತಂದ್ವಿ, ರಿಪೋರ್ಟ್ ಬರೆದ್ವಿ, ಮೇಡಂ ಬೈದು ವಾಪಸ್ ಬರೆಸಿದ್ರು" ಅಂದ್ರೆ ಕಣ್ಣು ಮುಚ್ಕೊಂಡು ಸೇರಿಸಿ. ಬೆಂಗ್ಳೂರಿನ ಐಐಎಸ್ಸಿಯ ಎನರ್ಜಿ ಅಂಡ್ ವೆಟ್‌ಲ್ಯಾಂಡ್ಸ್ ಗುಂಪಿನವರು ನಡೆಸೋ ಲೇಕ್ ಸಮ್ಮೇಳನ ಅಂತ ಇದೆ, ಮೂಡುಬಿದಿರೆಯ ಆಳ್ವಾಸಲ್ಲೂ ಆಗಿದೆ, ಅದರಲ್ಲಿ ಚಿಕ್ಕ ಹುಡುಗ್ರೂ ತಮ್ಮೂರ ಕೆರೆ ಬಗ್ಗೆ ಪೇಪರ್ ಓದ್ತಾರೆ. ಅಂಥ ಕಡೆ ಹುಡುಗ್ರನ್ನ ಕಳಿಸೋ ಡಿಪಾರ್ಟ್‌ಮೆಂಟು ಎಷ್ಟು ಚಿಕ್ಕದಿದ್ರೂ ಜೀವಂತ ಇದೆ ಅಂತ ಲೆಕ್ಕ.

ಫಾರೆಸ್ಟ್ರಿ ವಿಷ್ಯ. ಶಿರಸಿಯ ಕಾಲೇಜು ಧಾರವಾಡ ಕೃಷಿ ವಿವಿದು, ಕೊಡಗಿನ ಪೊನ್ನಂಪೇಟೇದು ಶಿವಮೊಗ್ಗ ಕೃಷಿ ತೋಟಗಾರಿಕೆ ವಿವಿ ಕೆಳಗೆ ಬರುತ್ತೆ. ನಾಲ್ಕು ವರ್ಷದ ಬಿಎಸ್ಸಿ ಆನರ್ಸ್, ಸೀಟು ಸಿಇಟಿ ಮೂಲಕ, ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಸೀಟು ಸಿಕ್ಕಿದ್ರೆ ಮಾಮೂಲಿ ಡಿಗ್ರಿಗಿಂತ ಇದು ಒಂದು ಕೈ ಮೇಲೇ, ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ನೇಮಕಾತೀಲಿ ಫಾರೆಸ್ಟ್ರಿ ಓದಿದವರಿಗೆ ಒಂದು ಪಾಲು ಮೀಸಲು ಇರುತ್ತೆ, ಊರು ನೋಡಿದ್ರೂ ಶಿರಸಿ ಅಂದ್ರೆ 1983ರಲ್ಲಿ ಮರ ಕಡಿಯೋದನ್ನ ತಡೆಯೋಕೆ ಮರಾನೇ ಅಪ್ಪಿಕೊಂಡು ನಿಂತ ಅಪ್ಪಿಕೋ ಚಳವಳಿ ಹುಟ್ಟಿದ ಸೀಮೆ, ಕಾಡಿನ ಪಾಠಕ್ಕೆ ಇನ್ನೇನು ಬೇಕು. ಆದ್ರೆ ಇದು ಮರ, ನರ್ಸರಿ, ಅರಣ್ಯ ನಿರ್ವಹಣೆಯ ಓದು. ನೀರು ಗಾಳಿ ಮಾಲಿನ್ಯ ನಿಮ್ಮ ಆಸಕ್ತಿ ಆಗಿದ್ರೆ ನಾಲ್ಕು ವರ್ಷ ಬೇಜಾರಾಗುತ್ತೆ. ನಮ್ಮ ಹುಡುಗಿ ಸಿಇಟಿ ರ‍್ಯಾಂಕ್ ಅಲ್ಲೀವರೆಗೆ ಹೋಗ್ಲೂ ಇಲ್ಲ, ಹಂಗಾಗಿ ಆ ಚರ್ಚೆ ಅಲ್ಲೇ ಮುಗೀತು.

ಬೆಂಗ್ಳೂರಲ್ಲಿ ಎರಡು ಥರ. ಸೇಂಟ್ ಜೋಸೆಫ್ಸ್ ಇದೆ, 1882ರ ಹಳೇ ಸಂಸ್ಥೆ, 2022ರಿಂದ ಯೂನಿವರ್ಸಿಟಿ ಆಗಿದೆ, ಅಲ್ಲಿ ಪರಿಸರ ವಿಜ್ಞಾನದ ವಿಭಾಗವೇ ಇದೆ. ಇನ್ನೊಂದು ಸರ್ಜಾಪುರ ಕಡೆಯ ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿ, ಅಲ್ಲಿ ಪರಿಸರ ವಿಜ್ಞಾನ ಮತ್ತು ಸುಸ್ಥಿರತೆ ಅಂತಲೇ ಬಿಎಸ್ಸಿ ಇದೆ, ಸೇರೋಕೆ ಅವರದ್ದೇ ಪ್ರವೇಶ ಪರೀಕ್ಷೆ, ಉಳಿಯೋದು ಕ್ಯಾಂಪಸಲ್ಲೇ. ಫೀಸ್ ನೋಡಿ ಗಾಬರಿ ಬಿದ್ದು ಪೇಜ್ ಮುಚ್ಬೇಡಿ, ಮನೆ ಆದಾಯ ನೋಡಿ ಫೀಸ್ ಮಾಫಿ ಮಾಡೋ ವ್ಯವಸ್ಥೆ ಅವರಲ್ಲಿದೆ, ಬಡವರ ಮನೆ ಹುಡುಗ್ರಿಗೆ ಪೂರ್ತಿ ಮಾಫಿ ಆಗೋದೂ ಇದೆ. ಮಧ್ಯಮದವರಿಗೇ ಕಷ್ಟ, ಯಾವಾಗ್ಲೂ ಹಂಗೇ ಅಲ್ವಾ. ಕನ್ನಡ ಮೀಡಿಯಮ್ಮಿಂದ ಬಂದವರಿಗೆ ಮೊದಲ ವರ್ಷ ಇಂಗ್ಲಿಷ್ ಓದಿ ಓದಿ ತಲೆ ಚಿಟ್ಟು ಹಿಡಿಯುತ್ತೆ, ಆದ್ರೆ ಬರೆಯೋದು, ಚರ್ಚೆ ಮಾಡೋದು ಅಂಥ ಕಡೆ ಚೆನ್ನಾಗಿ ಕಲಿಸ್ತಾರೆ, ಕೆರೆಯ ನೀರು ಯಾಕೆ ಕೆಡ್ತು ಅನ್ನೋದರ ಜೊತೆ ಕೆರೆ ಯಾರದ್ದು ಅನ್ನೋದನ್ನೂ ಕೇಳಿಸ್ತಾರೆ. ಎನ್‌ಜಿಒ, ಪಾಲಿಸಿ, ಪತ್ರಿಕೆ ಕಡೆ ಮನಸಿದ್ರೆ ಇದು ಸರಿ. ಇವೆರಡು ಬಿಟ್ಟು ಬೆಂಗ್ಳೂರಿನ ಯಾವುದೋ ಗುರುತಿಲ್ಲದ ಪ್ರೈವೇಟ್ ಕಾಲೇಜಿಗೆ, ಪಿಜಿಗೆ ತಿಂಗಳಿಗೆ ಎಂಟ್ಹತ್ತು ಸಾವಿರ ಕೊಟ್ಟು, ಊರಲ್ಲಿ ಸಿಗೋ ಪಾಠವನ್ನೇ ಕೇಳೋಕೆ ಹೋಗೋದು ನನಗಂತೂ ಅರ್ಥ ಆಗಲ್ಲ.

ದೂರ ಹೋಗೋದಿದ್ರೆ ಎಂಎಸ್ಸಿಗೆ ಹೋಗಿ, ಆಗ ಅದಕ್ಕೆ ಬೆಲೆ ಇದೆ. ನಮ್ಮ ಪಾಲಿಗೆ ಶಂಕರಘಟ್ಟ ದೂರವೂ ಅಲ್ಲ, ಅಲ್ಲಿರೋ ಕುವೆಂಪು ಯೂನಿವರ್ಸಿಟಿ 1987ರಲ್ಲಿ ಆಗಿದ್ದು, ಪರಿಸರ ವಿಜ್ಞಾನದ ವಿಭಾಗ ಇದೆ, ಒಂದು ಕಡೆ ಭದ್ರಾ ನದಿಯ ಬಿಆರ್‌ಪಿ ಡ್ಯಾಂ, ಅದರಾಚೆ ಭದ್ರಾ ಅಭಯಾರಣ್ಯ, ಇನ್ನೊಂದು ಕಡೆ ಭದ್ರಾವತಿಯ ಹಳೇ ಕಾರ್ಖಾನೆಗಳ ಮಣ್ಣು ನೀರು. ಪ್ರಾಜೆಕ್ಟಿಗೆ ವಿಷಯ ಹುಡುಕೋಕೆ ಹೊರಗೆ ಹೋಗೋದೇ ಬೇಡ. ಕೊರತೆ ಅಂದ್ರೆ ಸುತ್ತ ಕಂಪನಿ ಇಲ್ಲ, ಕೆಲಸಕ್ಕೆ ಕರೆಯೋಕೆ ಅಷ್ಟು ದೂರ ಯಾರೂ ಬರಲ್ಲ, ಸಂಜೆ ಆದ್ರೆ ಕ್ಯಾಂಪಸ್ ಗಪ್‌ಚುಪ್. ಓದೋ ಮನಸಿರೋರಿಗೆ ಅದೂ ಒಳ್ಳೇದೇ.

ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿ ಕ್ಯಾಂಪಸ್ ನನ್ನ ಪ್ರಕಾರ ಸಮತೂಕದ ಜಾಗ. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಬಸ್ಸು ಹತ್ತಿದ್ರೆ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾ, ಊರಲ್ಲೇ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಬಾಡಿಗೆ ಬೆಂಗ್ಳೂರಷ್ಟಿಲ್ಲ. ಬೆಂಗ್ಳೂರು ಯೂನಿವರ್ಸಿಟಿ ಜ್ಞಾನಭಾರತಿಯ ಲಾಭ ಬೇರೆ, ಕ್ಯಾಂಪಸ್ಸಿಗಿಂತ ಊರಿನದ್ದು. ಮಾಲಿನ್ಯ ಮಂಡಳಿಯ ಕೇಂದ್ರ ಕಚೇರಿ ಅಲ್ಲೇ, ಪರಿಸರ ತರಬೇತಿ ಸಂಶೋಧನೆಯ ಸರ್ಕಾರಿ ಸಂಸ್ಥೆ ಎಂಪ್ರಿ ಅಲ್ಲೇ, ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆ ಅಲ್ಲೇ, ಪೀಣ್ಯದ ಕಾರ್ಖಾನೆಗಳು ಅಲ್ಲೇ, ಇಂಟರ್ನ್‌ಶಿಪ್ಪಿಗೆ ಅಲೆಯೋರಿಗೆ ಬಾಗಿಲು ಜಾಸ್ತಿ. ಅಲೆಯದೆ ರೂಮಲ್ಲಿ ಕೂರೋ ಸ್ವಭಾವದವರಾದ್ರೆ ಜ್ಞಾನಭಾರತಿಗೂ ಶಂಕರಘಟ್ಟಕ್ಕೂ ವ್ಯತ್ಯಾಸ ಬಾಡಿಗೆ ಮಾತ್ರ.

ಕೆಲಸದ ವಿಷ್ಯ ಅಕ್ಕ ಮೂರು ಸಲ ಕೇಳಿದ್ಲು. ಬಿಎಸ್ಸಿ ಮಾಡಿದ ತಕ್ಷಣ ಸಿಗೋದು ಲ್ಯಾಬ್ ಅಸಿಸ್ಟೆಂಟ್ ಥರದ್ದು, ಕೊಳಚೆ ನೀರಿನ ಪ್ಲಾಂಟಲ್ಲಿ ಕೆಮಿಸ್ಟು, ಸಂಬಳ ಹೇಳಿಕೊಳ್ಳೋ ಹಾಗಿರಲ್ಲ. ಎಂಎಸ್ಸಿ ಆದ್ರೆ ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರೋ ಲ್ಯಾಬುಗಳು, 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆ ಪ್ರಕಾರ ದೊಡ್ಡ ಯೋಜನೆಗಳಿಗೆ ಪರಿಸರ ವರದಿ ಬರೆಯೋ ಕನ್ಸಲ್ಟೆನ್ಸಿಗಳು, ಕಂಪನಿಗಳ ಪರಿಸರ ಸುರಕ್ಷತೆ ವಿಭಾಗ. ಸರ್ಕಾರಿ ಅಂದ್ರೆ ಮಾಲಿನ್ಯ ನಿಯಂತ್ರಣ ಮಂಡಳಿ, ಅಲ್ಲಿ ಎನ್ವಿರಾನ್‌ಮೆಂಟಲ್ ಆಫೀಸರ್ ಪೋಸ್ಟಿಗೆ ಇಂಜಿನಿಯರ್‌ಗಳನ್ನ ಕೇಳ್ತಾರೆ, ಸೈನ್ಸ್‌ನವರಿಗೆ ಸೈಂಟಿಫಿಕ್ ಆಫೀಸರ್, ಅಸಿಸ್ಟೆಂಟ್ ಥರದ ಪೋಸ್ಟು, ಎಷ್ಟೋ ವರ್ಷಕ್ಕೊಂದು ಸಲ ಕರೀತಾರೆ, ಅದನ್ನೇ ನಂಬ್ಕೊಂಡು ಕೂರೋದಲ್ಲ. ಪಾಠ ಮಾಡೋ ಆಸೆ ಇದ್ರೆ ಲೆಕ್ಚರರ್ ಅರ್ಹತಾ ಪರೀಕ್ಷೆಗಳಾದ ಯುಜಿಸಿ ನೆಟ್‌ನಲ್ಲೂ ಕೆಸೆಟ್‌ನಲ್ಲೂ ಪರಿಸರ ವಿಜ್ಞಾನ ಸಬ್ಜೆಕ್ಟಿದೆ, 2021ರಿಂದ ಗೇಟ್‌ನಲ್ಲೂ ಎನ್ವಿರಾನ್‌ಮೆಂಟಲ್ ಸೈನ್ಸ್ ಅಂಡ್ ಇಂಜಿನಿಯರಿಂಗ್ ಪೇಪರ್ ಬಂದಿದೆ. ಇಂಟರ್‌ವ್ಯೂಲಿ ನಾನು ಕೇಳೋದು ಎರಡೇ. ಒಂದು ಬ್ಯುರೆಟ್ ಕೊಟ್ಟು ಟೈಟ್ರೇಟ್ ಮಾಡಿ ತೋರಿಸು ಅಂತೀನಿ, ಇನ್ನೊಂದು ನಿಮ್ಮೂರಿನ ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಹೇಳು ಅಂತೀನಿ. ದೊಡ್ಡ ದೊಡ್ಡ ಹೆಸರಿನ ಕಾಲೇಜಿನವರು ಎರಡನೇದಕ್ಕೆ ತಡವರಿಸಿದ್ದನ್ನ ನೋಡಿದೀನಿ, ಭದ್ರಾವತಿ ಕಡೆಯ ಒಬ್ಬ ಹುಡುಗ ಪೇಪರ್ ಮೇಲೆ ಚಿತ್ರಾನೇ ಬರೆದು ತೋರಿಸಿದ, ಅವನು ಈಗ ನಮ್ಮಲ್ಲಿ ಸೀನಿಯರು.

ಕೊನೆಗೆ ಆಗಿದ್ದೇನು ಅಂದ್ರೆ, ಒಂದು ಶನಿವಾರ ನಾನೂ ಹುಡುಗೀನೂ ಶಿವಮೊಗ್ಗದಲ್ಲಿ ಎರಡು ಕಾಲೇಜು ಸುತ್ತಿದ್ವಿ. ಮೊದಲನೇದ್ರಲ್ಲಿ ಲ್ಯಾಬ್ ಬೀಗ ಹಾಕಿತ್ತು, ಕೀ ಯಾರ ಹತ್ರ ಇದೆ ಅಂತಾನೇ ಯಾರಿಗೂ ಗೊತ್ತಿರ್ಲಿಲ್ಲ. ಎರಡನೇದ್ರಲ್ಲಿ ನಾಲ್ಕು ಹುಡುಗೀರು ಯಾವುದೋ ಬಾಟಲಿಗೆ ಮೂಗು ಹತ್ತಿರ ತಂದು ಮುಖ ಕಿವುಚ್ತಾ ಇದ್ರು, ಚರಂಡಿ ನೀರು ತಂದಿದಾರೆ ಅಂತ ದೂರದಿಂದ್ಲೇ ಗೊತ್ತಾಯ್ತು. ನಮ್ಮವಳು ಅವರ ಜೊತೆ ನಿಂತು ಮುಕ್ಕಾಲು ಗಂಟೆ ಮಾತಾಡಿದ್ಲು, ನಾನು ಹೊರಗೆ ಬೆಂಚ್ ಮೇಲೆ ಕೂತಿದ್ದೆ. ಕೆಮಿಸ್ಟ್ರಿ, ಬಾಟನಿ, ಪರಿಸರ ವಿಜ್ಞಾನ, ಅದೇ ಕಾಲೇಜು, ವಾರಕ್ಕೊಂದು ಸಲ ಊರಿಗೆ ಬರೋದು ಅಂತ ತೀರ್ಮಾನ ಆಗಿದೆ. ಭಾವ ಒಪ್ಪಿದಾರೆ. ಅಕ್ಕ ಮಾತ್ರ ಹಾಸ್ಟೆಲ್ಲಲ್ಲಿ ಬೆಳಿಗ್ಗೆ ತಿಂಡಿಗೆ ಏನು ಕೊಡ್ತಾರೆ ಅಂತ ಇನ್ನೂ ವಿಚಾರಿಸ್ತಾನೇ ಇದಾಳೆ.